ಚಾಲನಾ ಅನುಜ್ಞಾ ಪತ್ರದ ದಾಖಲೆ: ಅಂತರ್ಜಾಲದಲ್ಲಿ ಪರಿಶೀಲನೆ ಮತ್ತು ಹಂಚಿಕೆ

ಸಾರ್ವಜನಿಕರ ಮಾಹಿತಿಗಾಗಿ

ಚಾಲನಾ ಅನುಜ್ಞಾ ಪತ್ರ (ಡಿ.ಎಲ್.) ಹೊಂದಿರುವವರು ತಮ್ಮ ಅನುಜ್ಞಾ ಪತ್ರದ ವಿವರಗಳನ್ನು ಕಚೇರಿಗೆ ಬಾರದೆ ಅಂತರ್ಜಾಲದ ಮೂಲಕ ಪರಿಶೀಲಿಸಬಹುದಾಗಿದೆ. ಪೊಲೀಸ್ ಅಧಿಕಾರಿಗಳು, ಉದ್ಯೋಗದಾತರು ಅಥವಾ ವಾಹನ ಮಾಲೀಕರು ಕೇಳಿದಾಗ ಈ ವಿವರಗಳನ್ನು ವಿದ್ಯುನ್ಮಾನ ರೂಪದಲ್ಲಿ ಒದಗಿಸಲೂ ಅವಕಾಶವಿದೆ. ಈ ಸೌಲಭ್ಯಗಳನ್ನು ಬಳಸುವ ವಿಧಾನ, ದಾಖಲೆಯಲ್ಲಿ ಗಮನಿಸಬೇಕಾದ ಅಂಶಗಳು ಹಾಗೂ ವಹಿಸಬೇಕಾದ ಎಚ್ಚರಿಕೆಗಳನ್ನು ಇಲ್ಲಿ ವಿವರಿಸಲಾಗಿದೆ.

ದಾಖಲೆ ಎಂದರೇನು?

ಮೋಟಾರು ವಾಹನಗಳ ಕಾಯ್ದೆ, 1988ರ 3ನೇ ಪ್ರಕರಣದ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಚಲಾಯಿಸುವ ಪ್ರತಿಯೊಬ್ಬರೂ ಆ ವರ್ಗದ ವಾಹನಕ್ಕೆ ಸಂಬಂಧಿಸಿದ, ಜಾರಿಯಲ್ಲಿರುವ ಚಾಲನಾ ಅನುಜ್ಞಾ ಪತ್ರವನ್ನು ಹೊಂದಿರತಕ್ಕದ್ದು. ಸಾರ್ವಜನಿಕರ ಕೈಯಲ್ಲಿರುವ ಕಾರ್ಡು ಅನುಜ್ಞಾ ಪತ್ರ ನೀಡಿದ ದಿನದ ವಿವರಗಳನ್ನು ಮಾತ್ರ ತೋರಿಸುತ್ತದೆ. ಆ ಬಳಿಕ ಆದ ನವೀಕರಣ, ವಿಳಾಸ ಬದಲಾವಣೆ, ಹೊಸ ವರ್ಗದ ಸೇರ್ಪಡೆ, ಅಮಾನತು ಅಥವಾ ಅನರ್ಹತೆಯ ಆದೇಶಗಳು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ರೂಪಿಸಿರುವ ‘ಸಾರಥಿ’ ದತ್ತಾಂಶದಲ್ಲಿ ದಾಖಲಾಗುತ್ತವೆ. ತಪಾಸಣೆಯ ಸಮಯದಲ್ಲಿ ಅಧಿಕಾರಿಗಳು ನೋಡುವುದು ಈ ದತ್ತಾಂಶವನ್ನೇ. ಆದುದರಿಂದ ಕಾರ್ಡು ಸರಿಯಾಗಿದ್ದರೂ ದಾಖಲೆಯಲ್ಲಿ ಲೋಪವಿದ್ದಲ್ಲಿ ತೊಂದರೆಯಾಗುತ್ತದೆ. ಅಗತ್ಯ ಬೀಳುವ ಮುನ್ನವೇ ದಾಖಲೆಯನ್ನು ಒಮ್ಮೆ ಪರಿಶೀಲಿಸಿಕೊಳ್ಳುವುದು ಸೂಕ್ತ.

ಪರಿಶೀಲಿಸುವ ವಿಧಾನ

1. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ‘ಪರಿವಾಹನ್’ ಜಾಲತಾಣವನ್ನು ತೆರೆದು, ಮಾಹಿತಿ ಸೇವೆಗಳ ಪಟ್ಟಿಯಲ್ಲಿ ಚಾಲನಾ ಅನುಜ್ಞಾ ಪತ್ರದ ವಿವರ ತಿಳಿಯುವ ಸೇವೆಯನ್ನು ಆಯ್ಕೆ ಮಾಡುವುದು.

2. ಅನುಜ್ಞಾ ಪತ್ರದ ಸಂಖ್ಯೆ ಮತ್ತು ಜನ್ಮ ದಿನಾಂಕವನ್ನು ನಮೂದಿಸುವುದು. ಸಂಖ್ಯೆಯ ಮೊದಲೆರಡು ಅಕ್ಷರಗಳು ರಾಜ್ಯವನ್ನು, ನಂತರದ ಎರಡು ಅಂಕಿಗಳು ಕಚೇರಿಯನ್ನು, ಬಳಿಕದ ನಾಲ್ಕು ಅಂಕಿಗಳು ವರ್ಷವನ್ನು, ಕೊನೆಯ ಏಳು ಅಂಕಿಗಳು ಕ್ರಮಸಂಖ್ಯೆಯನ್ನು ಸೂಚಿಸುತ್ತವೆ. ಉದಾಹರಣೆಗೆ, ‘ಕೆಎ 09’ ಎಂದರೆ ಮೈಸೂರು, ‘ಕೆಎ 19’ ಎಂದರೆ ಮಂಗಳೂರು.

3. ಪರದೆಯ ಮೇಲೆ ಕಾಣುವ ಭದ್ರತಾ ಅಕ್ಷರಗಳನ್ನು ನಮೂದಿಸಿ ಸಲ್ಲಿಸುವುದು.

ಈ ಪರಿಶೀಲನೆಗೆ ಶುಲ್ಕವಿರುವುದಿಲ್ಲ. ಇದಕ್ಕಾಗಿ ಮಧ್ಯವರ್ತಿಗಳ ನೆರವು ಪಡೆಯುವ ಅಗತ್ಯವೂ ಇಲ್ಲ.

ಗಮನಿಸಬೇಕಾದ ಅಂಶಗಳು

ಪ್ರಸ್ತುತ ಸ್ಥಿತಿ: ಅನುಜ್ಞಾ ಪತ್ರವು ಜಾರಿಯಲ್ಲಿದೆಯೇ ಎಂಬುದು ಇಲ್ಲಿ ತಿಳಿಯುತ್ತದೆ. ಪರವಾನಗಿ ಪ್ರಾಧಿಕಾರವು ಅನರ್ಹಗೊಳಿಸಿದ ಅಥವಾ ರದ್ದುಪಡಿಸಿದ ಅನುಜ್ಞಾ ಪತ್ರಗಳ ವಿವರಗಳನ್ನು ಜಾಲತಾಣದಲ್ಲಿ ಕಾಲಾನುಕ್ರಮವಾಗಿ ದಾಖಲಿಸಬೇಕೆಂದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮಗಳ ತಿದ್ದುಪಡಿಯು ವಿಧಿಸಿದೆ. ಕಾಯ್ದೆಯ 19ನೇ ಪ್ರಕರಣದಡಿ ಪರವಾನಗಿ ಪ್ರಾಧಿಕಾರವು ಹೊರಡಿಸಿದ ಆದೇಶದಿಂದ ಬಾಧಿತರಾದವರು ಆದೇಶ ತಲುಪಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ.

ಮಾನ್ಯತೆಯ ಅವಧಿ: ಸಾರಿಗೆಯೇತರ ಮತ್ತು ಸಾರಿಗೆ ವಾಹನಗಳ ಅವಧಿಯನ್ನು ಪ್ರತ್ಯೇಕವಾಗಿ ತೋರಿಸಲಾಗುತ್ತದೆ. 2019ರ ತಿದ್ದುಪಡಿಯಂತೆ, ಸಾರಿಗೆಯೇತರ ಅನುಜ್ಞಾ ಪತ್ರವು 30 ವರ್ಷದೊಳಗಿನವರಿಗೆ 40 ವರ್ಷ ತುಂಬುವವರೆಗೆ, 30ರಿಂದ 50 ವರ್ಷದೊಳಗಿನವರಿಗೆ 10 ವರ್ಷ, 50ರಿಂದ 55 ವರ್ಷದೊಳಗಿನವರಿಗೆ 60 ವರ್ಷ ತುಂಬುವವರೆಗೆ ಹಾಗೂ 55 ವರ್ಷ ತುಂಬಿದವರಿಗೆ 5 ವರ್ಷ ಮಾನ್ಯವಾಗಿರುತ್ತದೆ. ಸಾರಿಗೆ ವಾಹನದ ಅವಧಿ 5 ವರ್ಷ. ಅಪಾಯಕಾರಿ ಸರಕು ಸಾಗಿಸುವ ವಾಹನಗಳಿಗೆ 3 ವರ್ಷ. ಒಬ್ಬರ ಸಾರಿಗೆ ಅವಧಿ ಮುಗಿದು, ಸಾರಿಗೆಯೇತರ ಅವಧಿ ಉಳಿದಿರುವ ಸಂದರ್ಭಗಳೂ ಇರುವುದರಿಂದ ಚಾಲಕ ವೃತ್ತಿಯಲ್ಲಿರುವವರು ಎರಡೂ ದಿನಾಂಕಗಳನ್ನು ನೋಡತಕ್ಕದ್ದು.

ಅವಧಿ ಮುಗಿದ ಬಳಿಕ 30 ದಿನಗಳವರೆಗೆ ವಾಹನ ಚಲಾಯಿಸಬಹುದೆಂಬ ತಿಳಿವಳಿಕೆ ಇಂದಿಗೂ ಅನೇಕರಲ್ಲಿದೆ. ಈ ರಿಯಾಯಿತಿಯನ್ನು 2019ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಅದೇ ತಿದ್ದುಪಡಿಯಂತೆ ನವೀಕರಣಕ್ಕೆ ಅವಧಿ ಮುಗಿಯುವ ಒಂದು ವರ್ಷ ಮುಂಚಿನಿಂದ ಮುಗಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬಹುದು. ಅದಕ್ಕಿಂತ ತಡವಾದಲ್ಲಿ ಚಾಲನಾ ಪರೀಕ್ಷೆಗೆ ಹಾಜರಾಗಬೇಕಾಗುತ್ತದೆ. ಅವಧಿ ಮುಗಿದ ದಿನದಿಂದ ನವೀಕರಣವಾಗುವವರೆಗೆ ವಾಹನ ಚಲಾಯಿಸುವಂತಿಲ್ಲ.

ವಾಹನದ ವರ್ಗ: ಗೇರ್ ರಹಿತ ದ್ವಿಚಕ್ರ ವಾಹನ, ಗೇರ್ ಸಹಿತ ದ್ವಿಚಕ್ರ ವಾಹನ, ಲಘು ಮೋಟಾರು ವಾಹನ ಮುಂತಾದ ವರ್ಗಗಳನ್ನು ಸಂಕ್ಷಿಪ್ತ ರೂಪದಲ್ಲಿ ನಮೂದಿಸಲಾಗಿರುತ್ತದೆ. ಗೇರ್ ರಹಿತ ವಾಹನಕ್ಕೆ ಮಾತ್ರ ಅನುಜ್ಞೆ ಪಡೆದವರು ಗೇರ್ ಇರುವ ಮೋಟಾರ್ ಸೈಕಲ್ ಚಲಾಯಿಸುವಂತಿಲ್ಲ. ಲಘು ಮೋಟಾರು ವಾಹನದ ಅನುಜ್ಞಾ ಪತ್ರ ಹೊಂದಿರುವವರು 7,500 ಕಿಲೋಗ್ರಾಂಗೆ ಮೀರದ ಒಟ್ಟು ತೂಕದ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮೋದನೆಯಿಲ್ಲದೆ ಚಲಾಯಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪು ನೀಡಿದೆ.

ದಾಖಲೆ ದೊರೆಯದಿದ್ದಲ್ಲಿ

ಗಣಕೀಕರಣಕ್ಕೆ ಮುನ್ನ ಕೈಬರಹದಲ್ಲಿ ಅಥವಾ ಪುಸ್ತಕ ರೂಪದಲ್ಲಿ ನೀಡಲಾದ ಕೆಲವು ಅನುಜ್ಞಾ ಪತ್ರಗಳು ದತ್ತಾಂಶದಲ್ಲಿ ಇಲ್ಲದಿರಬಹುದು. ಅಂತಹವರು ಮೂಲ ಅನುಜ್ಞಾ ಪತ್ರದೊಂದಿಗೆ ಅದನ್ನು ನೀಡಿದ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸಿ, ಹಳೆಯ ದಾಖಲೆಯನ್ನು ಗಣಕಕ್ಕೆ ಸೇರಿಸಲು ಕೋರತಕ್ಕದ್ದು. ಮೂಲ ಪತ್ರ ಕಳೆದುಹೋದ ಬಳಿಕ ಈ ಕಾರ್ಯವು ಕಷ್ಟವಾಗುವುದರಿಂದ, ಹಳೆಯ ಪುಸ್ತಕವನ್ನು ಇಟ್ಟುಕೊಂಡಿರುವ ಹಿರಿಯರು ತಡಮಾಡದೆ ಪರಿಶೀಲಿಸಿಕೊಳ್ಳುವುದು ಒಳಿತು.

ಹೆಸರು, ಜನ್ಮ ದಿನಾಂಕಗಳಲ್ಲಿನ ವ್ಯತ್ಯಾಸವೂ ಸಾಮಾನ್ಯ. ಅನುಜ್ಞಾ ಪತ್ರದಲ್ಲಿ ಇನಿಷಿಯಲ್ ಹೆಸರಿನ ಮೊದಲು, ಆಧಾರ್‌ನಲ್ಲಿ ಕೊನೆಯಲ್ಲಿ ಇರುವುದು. ಒಂದರಲ್ಲಿ ತಂದೆಯ ಹೆಸರು ಪೂರ್ಣವಾಗಿ, ಇನ್ನೊಂದರಲ್ಲಿ ಅಕ್ಷರ ಮಾತ್ರ ಇರುವುದು ಇತ್ಯಾದಿ. ಇಂತಹ ವ್ಯತ್ಯಾಸವಿದ್ದಲ್ಲಿ ಡಿಜಿಲಾಕರ್‌ನಲ್ಲಿ ಅನುಜ್ಞಾ ಪತ್ರವು ದೊರೆಯದೆ ಹೋಗಬಹುದು. ತಿದ್ದುಪಡಿಗೆ ಸಾರಥಿ ಜಾಲತಾಣದಲ್ಲಿ ರಾಜ್ಯವನ್ನು ಆಯ್ಕೆ ಮಾಡಿ ಅರ್ಜಿ ಸಲ್ಲಿಸಬಹುದಾಗಿದೆ. ಒಂದು ಬಾರಿಯ ಸಂಕೇತ ಸಂಖ್ಯೆ (ಓ.ಟಿ.ಪಿ.) ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆಗೇ ಬರುವುದರಿಂದ, ಹಳೆಯ ಸಂಖ್ಯೆಯನ್ನು ಮೊದಲು ಬದಲಾಯಿಸಿಕೊಳ್ಳಬೇಕು.

ತಪಾಸಣೆಯ ಸಮಯದಲ್ಲಿ ಹಾಜರುಪಡಿಸುವುದು

ಕಾಯ್ದೆಯ 130ನೇ ಪ್ರಕರಣದಂತೆ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯು ಕೇಳಿದಾಗ ಚಾಲಕರು ಅನುಜ್ಞಾ ಪತ್ರವನ್ನು ಹಾಜರುಪಡಿಸತಕ್ಕದ್ದು. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಯನ್ನು ಮೂಲ ದಾಖಲೆಗೆ ಸಮನಾಗಿ ಒಪ್ಪುವಂತೆ ಕೇಂದ್ರ ಸಚಿವಾಲಯವು 2018ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 139ನೇ ನಿಯಮಕ್ಕೆ ತಿದ್ದುಪಡಿ ತಂದು, ವಿದ್ಯುನ್ಮಾನ ರೂಪಕ್ಕೆ ಸ್ಪಷ್ಟ ಮಾನ್ಯತೆ ನೀಡಲಾಯಿತು. ವಿದ್ಯುನ್ಮಾನ ವಿಧಾನದಲ್ಲಿ ದಾಖಲೆ ದೃಢಪಟ್ಟಲ್ಲಿ ಅಧಿಕಾರಿಗಳು ಕಾಗದದ ಪ್ರತಿಯನ್ನು ಕೇಳುವಂತಿಲ್ಲವೆಂದು 2020ರ ತಿದ್ದುಪಡಿಯು ತಿಳಿಸುತ್ತದೆ.

ಆದರೆ ಕಾರ್ಡನ್ನು ಮೊಬೈಲ್‌ನಲ್ಲಿ ತೆಗೆದ ಛಾಯಾಚಿತ್ರ, ಸ್ಕ್ಯಾನ್ ಪ್ರತಿ ಅಥವಾ ಸ್ನೇಹಿತರು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಚಿತ್ರಕ್ಕೆ ಈ ಮಾನ್ಯತೆಯಿಲ್ಲ. ಜಾಲಸಂಪರ್ಕ ದುರ್ಬಲವಾಗಿರುವ ಮಲೆನಾಡು ಮತ್ತು ಘಟ್ಟ ಪ್ರದೇಶಗಳಲ್ಲಿ ಸಂಚರಿಸುವವರು ಮೂಲ ಕಾರ್ಡನ್ನೂ ಜೊತೆಗಿಟ್ಟುಕೊಳ್ಳುವುದು ಉತ್ತಮ.

ವಾಹನ ಮಾಲೀಕರು ಮತ್ತು ಉದ್ಯೋಗದಾತರಿಗೆ

ಅನುಜ್ಞಾ ಪತ್ರವಿಲ್ಲದವರಿಗೆ ವಾಹನ ನೀಡಬಾರದೆಂಬ ಹೊಣೆಯನ್ನು 5ನೇ ಪ್ರಕರಣವು ಮಾಲೀಕರ ಮೇಲೆ ಹೊರಿಸಿದೆ. ಇದನ್ನು ಉಲ್ಲಂಘಿಸಿದವರಿಗೆ 180ನೇ ಪ್ರಕರಣದಡಿ 3 ತಿಂಗಳವರೆಗೆ ಕಾರಾವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಅಪಘಾತವಾದಲ್ಲಿ ಹೊರೆ ಇನ್ನೂ ಹೆಚ್ಚು. ಚಾಲಕರ ಬಳಿ ಸೂಕ್ತ ಅನುಜ್ಞಾ ಪತ್ರವಿರಲಿಲ್ಲವೆಂಬ ಕಾರಣವನ್ನು ವಿಮಾ ಕಂಪನಿಯು ನ್ಯಾಯಮಂಡಳಿಯ ಮುಂದೆ ಎತ್ತಬಹುದು. ಸಂತ್ರಸ್ತರಿಗೆ ನೀಡಿದ ಪರಿಹಾರವನ್ನು ಮಾಲೀಕರಿಂದ ವಸೂಲು ಮಾಡಲು ಆದೇಶವೂ ಆಗಬಹುದು. ಮಾಲೀಕರು ಯುಕ್ತ ಎಚ್ಚರಿಕೆ ವಹಿಸಿರಲಿಲ್ಲವೆಂಬುದನ್ನು ವಿಮಾ ಕಂಪನಿಯೇ ಸಾಬೀತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ತಿಳಿಸಿದೆ.

ಆದುದರಿಂದ ಶಾಲಾ ವಾಹನ, ಟ್ಯಾಕ್ಸಿ, ಸರಕು ವಾಹನಗಳ ಮಾಲೀಕರು ಚಾಲಕರನ್ನು ನೇಮಿಸುವಾಗ ಕಾರ್ಡಿನ ನೆರಳಚ್ಚು ಪ್ರತಿಯೊಂದಿಗೇ ತೃಪ್ತರಾಗದೆ, ಚಾಲಕರ ಒಪ್ಪಿಗೆ ಪಡೆದು ಅವರ ಸಮ್ಮುಖದಲ್ಲಿ ಜಾಲತಾಣದ ದಾಖಲೆಯನ್ನು ನೋಡತಕ್ಕದ್ದು. ಪರಿಶೀಲಿಸಿದ ದಿನಾಂಕ ಸಹಿತ ಮುದ್ರಿತ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡಲ್ಲಿ ಮುಂದೆ ಅದು ಪುರಾವೆಯಾಗಿ ನೆರವಾಗುತ್ತದೆ. ಅವಧಿ ಮುಗಿಯುವ ದಿನಾಂಕವನ್ನು ಬರೆದಿಟ್ಟುಕೊಂಡು ಮುಂಚಿತವಾಗಿ ಚಾಲಕರಿಗೆ ನೆನಪಿಸುವುದು ಇಬ್ಬರಿಗೂ ಹಿತಕರ.

ಹೊರದೇಶದಲ್ಲಿ ಸಲ್ಲಿಸಲು

ಉದ್ಯೋಗ ಅಥವಾ ವ್ಯಾಸಂಗಕ್ಕಾಗಿ ಹೊರದೇಶಕ್ಕೆ ತೆರಳಿದ ಕನ್ನಡಿಗರಿಂದ ಅಲ್ಲಿನ ಸಾರಿಗೆ ಪ್ರಾಧಿಕಾರವು ಹಿಂದಿನ ಚಾಲನಾ ಅನುಭವಕ್ಕೆ ಅಧಿಕೃತ ದಾಖಲೆ ಕೇಳುವುದುಂಟು. ಜಾಲತಾಣದ ಪುಟದ ಮುದ್ರಿತ ಪ್ರತಿಯು ಇದಕ್ಕೆ ಸಾಲದೆ ಹೋಗಬಹುದು. ಅಂತಹವರು ಸಾರಥಿ ಮೂಲಕ ‘ಡಿ.ಎಲ್. ಎಕ್ಸ್‌ಟ್ರಾಕ್ಟ್’ ಸೇವೆಗೆ ಅರ್ಜಿ ಸಲ್ಲಿಸಬಹುದಾಗಿದೆ. ಸಾಧ್ಯವಾದಲ್ಲಿ ಪ್ರಯಾಣಕ್ಕೆ ಮುನ್ನವೇ ಇದನ್ನು ಪಡೆದುಕೊಳ್ಳುವುದು ಅನುಕೂಲಕರ.

ಎಚ್ಚರಿಕೆ

ಅನುಜ್ಞಾ ಪತ್ರದ ಸಂಖ್ಯೆ ಮತ್ತು ಜನ್ಮ ದಿನಾಂಕ ತಿಳಿದ ಯಾರೇ ಆದರೂ ದಾಖಲೆಯನ್ನು ನೋಡಬಹುದು. ಈ ಎರಡೂ ಕಾರ್ಡಿನ ಮೇಲೆಯೇ ಇರುವುದರಿಂದ ಕಾರ್ಡಿನ ಚಿತ್ರವನ್ನು ಸಾಮಾಜಿಕ ಜಾಲತಾಣಗಳಲ್ಲಿ ಅಥವಾ ಅಪರಿಚಿತರಿಗೆ ಕಳುಹಿಸಬಾರದು. ಒಂದು ಬಾರಿಯ ಸಂಕೇತ ಸಂಖ್ಯೆಯನ್ನು ಯಾರಿಗೂ ತಿಳಿಸಬಾರದು.

ದಂಡ ಬಾಕಿಯಿದೆ ಅಥವಾ ಅನುಜ್ಞಾ ಪತ್ರ ರದ್ದಾಗಲಿದೆ ಎಂಬ ಸಂದೇಶದೊಂದಿಗೆ ‘ಎ.ಪಿ.ಕೆ.’ ಕಡತ ಕಳುಹಿಸಿ ವಂಚಿಸುವ ಪ್ರಕರಣಗಳು ವರದಿಯಾಗಿವೆ. ಅಂತಹ ಕಡತವನ್ನು ತೆರೆಯದೆ, ಅಧಿಕೃತ ಜಾಲತಾಣದಲ್ಲಿ ನೇರವಾಗಿ ದಾಖಲೆಯನ್ನು ನೋಡತಕ್ಕದ್ದು. ಈಗಾಗಲೇ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಲು ಕೋರಲಾಗಿದೆ.