ಸಬ್‌ಸ್ಟೇಷನ್ ಒಳಗಿನ ವೈರು ಕಮ್ಮಿ ಆಗೋದು ಹೇಗೆ?

ಇವತ್ತು ಸಬ್‌ಸ್ಟೇಷನ್ ಬೇಲಿಯಾಚೆ ಹೋಗೋಣ. ಬಸ್ಸಿನ ಕಿಟಕಿಯಿಂದ ನಮಗೆ ಕಾಣೋದು ಟ್ರಾನ್ಸ್‌ಫಾರ್ಮರ್, ಪಿಂಗಾಣಿ ಇನ್ಸುಲೇಟರ್, ಮೇಲೆ ಹಾದುಹೋದ ದಪ್ಪ ತಂತಿ. ಆದರೆ ಅಲ್ಲಿನ ಎಷ್ಟೋ ವೈರು ಕಣ್ಣಿಗೆ ಬೀಳೋದೇ ಇಲ್ಲ. ಅದು ಚಪ್ಪಡಿ ಮುಚ್ಚಿದ ಟ್ರೆಂಚ್‌ನಲ್ಲಿ ಮಲಗಿರುತ್ತೆ.

ಅದರ ಕೆಲಸ ಏನು? ಯಾರ್ಡ್‌ನಲ್ಲಿ ಬ್ರೇಕರ್ ಇದೆ, ಅಂದರೆ ಲೈನನ್ನು ಬಂದ್ ಮಾಡೋ ದೊಡ್ಡ ಸ್ವಿಚ್. ಕಂಟ್ರೋಲ್ ರೂಮ್‌ನಲ್ಲಿ ರಿಲೇ ಇದೆ, ಅಂದರೆ ಬಂದ್ ಮಾಡ್ಬೇಕಾ ಬೇಡ್ವಾ ಅಂತ ತೀರ್ಮಾನಿಸೋ ಮಿದುಳು. ಲೈನಿನ ಕರೆಂಟನ್ನು ನೇರವಾಗಿ ರಿಲೇಗೆ ಕೊಡೋಕಾಗಲ್ಲ. ಹಾಗಾಗಿ ಸಿಟಿ ಅನ್ನೋ ಉಪಕರಣ ಅದನ್ನು 1 ಅಥವಾ 5 ಆಂಪಿಯರ್ ಮಟ್ಟಕ್ಕೆ ಇಳಿಸುತ್ತೆ. ಪಿಟಿ ವೋಲ್ಟೇಜನ್ನು 110 ವೋಲ್ಟ್ ಆಸುಪಾಸಿಗೆ ತರುತ್ತೆ. ಹಳೇ ಪದ್ಧತಿಯಲ್ಲಿ ಈ ಅಳತೆಗಳಿಗೆ, ಬ್ರೇಕರ್ ಸ್ಥಿತಿಗೆ, ಟ್ರಿಪ್ ಆದೇಶಕ್ಕೆ, ಅಲಾರಂಗೆ ಎಲ್ಲಕ್ಕೂ ಬೇರೆ ಬೇರೆ ತಾಮ್ರದ ವೈರು ಎಳೀಬೇಕು.

ಇಲ್ಲಿ ಎರಡು ಅಪಾಯ. ಒಂದು, ಎಷ್ಟೋ ವೈರುಗಳು ತುಂಡಾದರೂ ಸುಳಿವೇ ಕೊಡಲ್ಲ. ಫಾಲ್ಟ್ ಬಂದ ದಿನ ಬ್ರೇಕರ್ ತೆರೆಯದೇ ಇದ್ದಾಗಲೇ ಗೊತ್ತಾಗೋದು. ಆಗ ಹಿಂದಿನ ಬ್ರೇಕರ್ ತೆರೆಯಬೇಕಾಗುತ್ತೆ, ಒಂದು ಫೀಡರ್ ಬದಲು ಇಡೀ ಊರೇ ಕತ್ತಲಾಗಬಹುದು. ಎರಡು, ಲೈನ್ ಚಾಲೂ ಇರುವಾಗ ಸಿಟಿ ವೈರಿನ ಕೊಂಡಿ ಬಿಚ್ಚಿಕೊಂಡ್ರೆ ಅದರ ತುದಿಗಳಲ್ಲಿ ಸಾವಿರಾರು ವೋಲ್ಟ್ ಹುಟ್ಟಬಹುದು. ಹತ್ತಿರ ಇದ್ದವರ ಜೀವಕ್ಕೇ ಕುತ್ತು.

ಇದಕ್ಕೆ ಉತ್ತರವಾಗಿ ಬಂದಿದ್ದು ಐಇಡಿ, ಅಂದರೆ ಇಂಟೆಲಿಜೆಂಟ್ ಎಲೆಕ್ಟ್ರಾನಿಕ್ ಡಿವೈಸ್. ಸರಳವಾಗಿ ಹೇಳೋದಾದ್ರೆ ಕಂಪ್ಯೂಟರ್ ಇರೋ ರಿಲೇ. ವೈರು ಮೂರು ಹಂತದಲ್ಲಿ ಕಮ್ಮಿ ಆಗುತ್ತೆ.

ಮೊದಲ ಹಂತ: ರಕ್ಷಣೆ, ಮೀಟರ್, ಅಲಾರಂ ಅಂತ ಬೇರೆ ಬೇರೆ ಇದ್ದ ಪೆಟ್ಟಿಗೆಗಳ ಕೆಲಸ ಒಂದರಲ್ಲೇ ಸೇರುತ್ತೆ. ಅವುಗಳ ನಡುವಿನ ವೈರಿಂಗ್ ಬೇಕಾಗಲ್ಲ.

ಎರಡನೇ ಹಂತ: ಐಇಡಿಗಳು ತಮ್ಮೊಳಗೆ ನೆಟ್‌ವರ್ಕ್‌ನಲ್ಲಿ ಮಾತಾಡುತ್ತವೆ. ಈ ಸಂದೇಶದ ಹೆಸರು ‘ಗೂಸ್’. ಅತಿ ತುರ್ತಿನ ಟ್ರಿಪ್ ಸಂದೇಶ 3 ಮಿಲಿಸೆಕೆಂಡ್ ಒಳಗೆ ತಲುಪಬೇಕು. ನಮ್ಮ 50 ಹರ್ಟ್ಜ್ ಕರೆಂಟಿನ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು! ಏನೂ ಘಟಿಸದಿದ್ದರೂ ಗೂಸ್ ಸಂದೇಶ ಆಗಾಗ ಬರ್ತಾನೇ ಇರುತ್ತೆ. ನಿಂತುಹೋದ್ರೆ ಎದುರಿನ ಐಇಡಿ ಅಲಾರಂ ಹೊಡೆಯುತ್ತೆ. ತಾಮ್ರದ ವೈರಿನ ಮೌನ ಯಾರಿಗೂ ತಿಳೀತಿರಲಿಲ್ಲ, ಇದರ ಮೌನವೇ ಸುದ್ದಿ.

ಮೂರನೇ ಹಂತ: ಯಾರ್ಡ್‌ನಲ್ಲೇ, ಸಿಟಿ-ಪಿಟಿ ಪಕ್ಕದಲ್ಲಿ ‘ಮರ್ಜಿಂಗ್ ಯುನಿಟ್’ ಕೂರುತ್ತೆ. ರಕ್ಷಣೆಗೆ ಸಾಮಾನ್ಯವಾಗಿ ಪ್ರತಿ ಸುತ್ತಿಗೆ 80 ಸಲ, ಅಂದರೆ ಸೆಕೆಂಡಿಗೆ 4,000 ಸಲ ಅಳೆದು, ಅಂಕಿಗಳನ್ನು ಆಪ್ಟಿಕಲ್ ಫೈಬರ್‌ನಲ್ಲಿ ಕಳಿಸುತ್ತೆ. ಸಿಟಿಯ ತಾಮ್ರ ಯಾರ್ಡ್‌ನಲ್ಲೇ ಮುಗಿಯುತ್ತೆ, ಕಂಟ್ರೋಲ್ ರೂಮ್‌ವರೆಗೆ ಬರೋದೇ ಇಲ್ಲ.

ಬೇರೆ ಬೇರೆ ಕಂಪನಿಗಳ ಐಇಡಿಗಳು ಒಂದೇ ಭಾಷೆ ಆಡೋಕೆ ಐಇಸಿ 61850 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ. ಸ್ವಿಟ್ಜರ್ಲೆಂಡಿನ ಲಾಫೆನ್‌ಬರ್ಗ್ ಸಬ್‌ಸ್ಟೇಷನ್ 2004ರಲ್ಲೇ ಈ ದಾರಿ ಹಿಡಿದ ಮೊದಲಿಗರಲ್ಲಿ ಒಂದು.

ನಾನು ಕಾಮರ್ಸ್ ಓದಿದ್ದರಿಂದ ಮೊದಲು ಕೇಳೋದು ಖರ್ಚಿನ ಲೆಕ್ಕ. ತಾಮ್ರ, ಟ್ರೆಂಚ್, ಒಂದೊಂದೇ ವೈರು ಕಟ್ಟಿ ಪರೀಕ್ಷೆ ಮಾಡೋ ದಿನಗಳು ಉಳಿಯುತ್ತವೆ. ಆದರೆ ಖರ್ಚಿನ ಕಾಲಂ ಖಾಲಿ ಇಲ್ಲ. ಹಳೇ ರಿಲೇ ದಶಕಗಟ್ಟಲೆ ಬಾಳುತ್ತಿತ್ತು, ಐಇಡಿ ಕಂಪ್ಯೂಟರ್ ಜಾತಿ, ಬೇಗ ಹಳತಾಗುತ್ತೆ. ನೆಟ್‌ವರ್ಕ್ ಕೈಕೊಟ್ಟರೆ ಅಂತ ಎರಡು ದಾರಿ ಇಡ್ಬೇಕು, ಎಲ್ಲ ಗಡಿಯಾರಗಳೂ ಒಂದೇ ಸಮಯ ತೋರಿಸ್ಬೇಕು. ಮಲ್ಟಿಮೀಟರ್ ಹಿಡಿದು ವೈರು ಹುಡುಕುತ್ತಿದ್ದ ಸಿಬ್ಬಂದಿಗೆ ನೆಟ್‌ವರ್ಕ್ ಓದೋದನ್ನ ಕಲಿಸ್ಬೇಕು.

ಇನ್ನೊಂದು ದೊಡ್ಡ ಭಯ ಹ್ಯಾಕಿಂಗ್. 2016ರ ಡಿಸೆಂಬರ್‌ನಲ್ಲಿ ಉಕ್ರೇನಿನ ಕೀವ್‌ನಲ್ಲಿ ಒಂದು ಸಬ್‌ಸ್ಟೇಷನ್ ಮೇಲೆ ಸೈಬರ್ ದಾಳಿ ಆಗಿ, ನಗರದ ಒಂದು ಭಾಗಕ್ಕೆ ಸುಮಾರು ಒಂದು ಗಂಟೆ ಕರೆಂಟ್ ಹೋಯ್ತು. ಆ ದಾಳಿಯ ಮಾಲ್‌ವೇರ್‌ಗೆ ಐಇಸಿ 61850 ಭಾಷೆಯೂ ಬರುತ್ತಿತ್ತು. ತಾಮ್ರದ ವೈರನ್ನು ಕೆಡಿಸೋಕೆ ಯಾರ್ಡ್ ಒಳಗೆ ಬರಲೇಬೇಕು, ನೆಟ್‌ವರ್ಕ್‌ಗೆ ಆ ಮಾತು ಅನ್ವಯಿಸಲ್ಲ.

ಹಾಗಾಗಿ ವೈರು ಕಮ್ಮಿ ಆಯ್ತು ಅಂದ್ರೆ ಕಾವಲು ಕಮ್ಮಿ ಆಗ್ಬಹುದು ಅಂತಲ್ಲ. ಮೊದಲು ಕಾಯ್ತಿದ್ದದ್ದು ಟ್ರೆಂಚನ್ನ, ಈಗ ಕಾಯಬೇಕಾದ್ದು ಪಾಸ್‌ವರ್ಡು, ಸಾಫ್ಟ್‌ವೇರು, ನೆಟ್‌ವರ್ಕನ್ನ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.