ಇಂಗ್ಲೀಷು ಶಬ್ದಜ್ಞಾನದ ಪರೀಕ್ಷೆ: ಸಮಾನಾರ್ಥಕಗಳೂ ವಿರುದ್ಧಾರ್ಥಕಗಳೂ

ಇಂಗ್ಲೀಷು ಭಾಷೆಯಲ್ಲಿ ತನಗೆ ಎಷ್ಟು ಶಬ್ದಗಳು ಬರುವುವೆಂದು ತಿಳಿದುಕೊಳ್ಳಬೇಕೆಂಬ ಕುತೂಹಲವು ಪ್ರತಿಯೊಬ್ಬ ವಿದ್ಯಾರ್ಥಿನಿಗೂ ಒಂದಲ್ಲ ಒಂದು ದಿನ ಹುಟ್ಟುವುದು. ಅದಕ್ಕೆ ಪಾಠಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಉಪಾಯವೇನೆಂದರೆ, ಒಂದು ಶಬ್ದವನ್ನು ಕೊಟ್ಟು, ಅದೇ ಅರ್ಥವುಳ್ಳ ಮತ್ತೊಂದನ್ನಾಗಲಿ ಅದಕ್ಕೆ ಎದುರಾದ ಅರ್ಥವುಳ್ಳ ಮತ್ತೊಂದನ್ನಾಗಲಿ ಹೇಳೆಂದು ಕೇಳುವುದು. ಮೊದಲನೆಯದಕ್ಕೆ 'ಸಿನೊನಿಮ್' ಎಂದೂ ಎರಡನೆಯದಕ್ಕೆ 'ಆಂಟೊನಿಮ್' ಎಂದೂ ಇಂಗ್ಲೀಷಿನಲ್ಲಿ ಹೆಸರು. ಈ ಪರೀಕ್ಷೆಯಿಂದ ನಿಜವಾಗಿ ಏನು ತಿಳಿಯುವುದು, ಏನು ತಿಳಿಯದು, ಮನೆಯಲ್ಲಿ ಇಂಗ್ಲೀಷು ಮಾತು ಕಿವಿಗೆ ಬೀಳದ ಕನ್ನಡದ ಹುಡುಗಿಯು ಇದನ್ನು ತನ್ನಷ್ಟಕ್ಕೆ ತಾನೇ ಹೇಗೆ ನಡೆಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಪದ್ಧತಿಯು ನಮ್ಮ ದೇಶಕ್ಕೆ ಹೊಸದಲ್ಲ. ಅಮರಸಿಂಹನ 'ನಾಮಲಿಂಗಾನುಶಾಸನ'ವು, ಅಂದರೆ ಲೋಕವಿಖ್ಯಾತವಾದ ಅಮರಕೋಶವು, ಒಂದೊಂದು ವಸ್ತುವಿಗೆ ಸಂಸ್ಕೃತದಲ್ಲಿರುವ ಹೆಸರುಗಳನ್ನು ಮೂರು ಕಾಂಡಗಳಲ್ಲಿ ಪದ್ಯರೂಪವಾಗಿ ಪೋಣಿಸಿರುವ ಗ್ರಂಥ. ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಬಾಯಿಪಾಠದ ಗುಣವೂ ದೋಷವೂ ಆಗಲೇ ಕಂಡುಬಂದಿದ್ದುವು. ಹೆಸರುಗಳು ನಾಲಿಗೆಯ ತುದಿಯಲ್ಲಿ ನಿಂತುವು. ಯಾವ ಹೆಸರು ಎಲ್ಲಿಗೆ ಸಲ್ಲುವುದೆಂಬ ವಿವೇಕವು ಕಾವ್ಯಗಳನ್ನು ಓದಿದವರಿಗೆ ಮಾತ್ರ ಬಂದಿತು.

ಇಂಗ್ಲೀಷು ಸಮಾನಾರ್ಥಕಗಳನ್ನು ಕುರಿತು ಪುಸ್ತಕ ಬರೆದ ಮೊದಮೊದಲಿನವರಲ್ಲಿ ಒಬ್ಬಳು ಸ್ತ್ರೀ ಎಂಬುದನ್ನು ನಮ್ಮ ಹುಡುಗಿಯರು ಅವಶ್ಯವಾಗಿ ತಿಳಿದಿರಬೇಕು. 1755ರಲ್ಲಿ ತನ್ನ ಮಹಾನಿಘಂಟನ್ನು ಪ್ರಕಟಿಸಿದ ಡಾಕ್ಟರ್ ಸಾಮ್ಯುಯೆಲ್ ಜಾನ್ಸನ್ನನ ಆಪ್ತಸ್ನೇಹಿತೆಯಾಗಿದ್ದ ಹೆಸ್ಟರ್ ಲಿಂಚ್ ಪಿಯೋಜಿ ಎಂಬವಳು 1794ರಲ್ಲಿ 'ಬ್ರಿಟಿಷ್ ಸಿನೊನಿಮಿ' ಎಂಬ ಗ್ರಂಥವನ್ನು ಎರಡು ಸಂಪುಟಗಳಲ್ಲಿ ಹೊರಡಿಸಿದಳು. ಅವಳ ಗಂಡನು ಇಟಲಿ ದೇಶದವನು. ಪರದೇಶದವರು ಇಂಗ್ಲೀಷಿನಲ್ಲಿ ಸಂಭಾಷಣೆ ಮಾಡುವಾಗ ಸರಿಯಾದ ಶಬ್ದವನ್ನು ಆರಿಸಿಕೊಳ್ಳಲು ನೆರವಾಗಲೆಂಬುದೇ ಅವಳ ಉದ್ದೇಶ. ಹೀಗಿರಲಾಗಿ ಅದು ನಮ್ಮಂಥವರಿಗಾಗಿ ಬರೆದ ಪುಸ್ತಕವೆಂದೇ ಹೇಳಬಹುದು. 1816ರಲ್ಲಿ ಜಾರ್ಜ್ ಕ್ರ್ಯಾಬ್ ಎಂಬವನ ದೊಡ್ಡ ಗ್ರಂಥ ಬಂದಿತು. 1851ರಲ್ಲಿ ಡಬ್ಲಿನ್ ನಗರದ ಆರ್ಚ್‌ಬಿಷಪ್ ರಿಚರ್ಡ್ ವೇಟ್ಲಿಯವರು ತಿದ್ದಿ ಹೊರಡಿಸಿದ ಸಣ್ಣ ಪುಸ್ತಕವೊಂದು ಬಂದಿತು. ಅದನ್ನು ಬರೆದವಳು ಅವರ ಮಗಳಾದ ಎಲಿಜಬೆತ್ ಜೇನ್. 'ಆಂಟೊನಿಮ್' ಎಂಬ ಹೆಸರಾದರೋ ಇನ್ನೂ ಈಚಿನದು. 1867ರಲ್ಲಿ ಚಾರ್ಲ್ಸ್ ಜಾನ್ ಸ್ಮಿತ್ ಎಂಬ ಪಾದ್ರಿಯ ಪುಸ್ತಕದಿಂದ ಅದು ಬಳಕೆಗೆ ಬಂದಿತು.

ಇವೆಲ್ಲಕ್ಕಿಂತ ಹೆಚ್ಚು ಹೆಸರಾದುದು ಪೀಟರ್ ಮಾರ್ಕ್ ರೋಜೆಯ 'ಥಿಸಾರಸ್'. ಇವನು 1779ರಲ್ಲಿ ಹುಟ್ಟಿದವನು, ವೃತ್ತಿಯಿಂದ ವೈದ್ಯನು. 1805ರಲ್ಲಿಯೇ ತನ್ನ ಸ್ವಂತ ಉಪಯೋಗಕ್ಕೆಂದು ಶಬ್ದಗಳ ಪಟ್ಟಿಯೊಂದನ್ನು ಮಾಡಿಕೊಂಡಿದ್ದನು. ವೃದ್ಧಾಪ್ಯದಲ್ಲಿ ಅದನ್ನು ಬೆಳೆಸಿ, 1852ರಲ್ಲಿ, ತನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಪ್ರಕಟಿಸಿದನು. ಲೋಕದ ಭಾವನೆಗಳನ್ನೆಲ್ಲ ಆರು ವರ್ಗಗಳಲ್ಲಿ ಸಾವಿರ ತಲೆಬರಹಗಳಾಗಿ ಹಂಚಿ, ಎದುರೆದುರಾದ ಭಾವನೆಗಳನ್ನು ಅಕ್ಕಪಕ್ಕದ ಎರಡು ಸಾಲುಗಳಲ್ಲಿ ನಿಲ್ಲಿಸಿದುದು ಅವನ ಜಾಣತನ. ಆದರೆ ಆ ಪುಸ್ತಕದಲ್ಲಿ ಅರ್ಥವಿವರಣೆಯಿಲ್ಲ. ಭಾಷೆಯನ್ನು ಬಲ್ಲವನು ಮರೆತ ಶಬ್ದವನ್ನು ನೆನಪಿಗೆ ತಂದುಕೊಳ್ಳಲೆಂದು ಅದು ಹುಟ್ಟಿತೇ ಹೊರತು, ಬಲ್ಲದವಳು ಕಲಿಯಲೆಂದಲ್ಲ. ಅಗಸೆಯಲ್ಲಿ ದಾರಿ ತಿಳಿಯದೆ ನಿಂತವಳಿಗೆ ಊರಿನ ಮನೆಗಳ ಲೆಕ್ಕ ಒಪ್ಪಿಸಿದಂತೆ ಅದು ನಮಗೆ ಆದೀತು.

ಇಂಗ್ಲೀಷಿನಲ್ಲಿ ಒಂದೇ ಅರ್ಥಕ್ಕೆ ಇಷ್ಟು ಶಬ್ದಗಳು ಸೇರಲು ಚರಿತ್ರೆಯೇ ಕಾರಣ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚು ನಡೆಯಿತು. ಹೊಲದಲ್ಲಿಯೂ ಒಲೆಯ ಮುಂದೆಯೂ ದೇಶಭಾಷೆ ಉಳಿಯಿತು. ಪಂಡಿತರು ಲ್ಯಾಟಿನಿನಿಂದ ತಂದು ತುಂಬಿದರು. ಆದಕಾರಣ 'ಕೇಳು' ಎಂಬುದಕ್ಕೆ ದೇಶ್ಯವಾದ 'ಆಸ್ಕ್', ಫ್ರೆಂಚಿನಿಂದ ಬಂದ 'ಕ್ವೆಶ್ಚನ್', ಲ್ಯಾಟಿನಿನ 'ಇಂಟರಾಗೇಟ್' ಎಂದು ಮೂರು ಅಂತಸ್ತುಗಳು. ತಾಯಿಯು ಮಗಳನ್ನು 'ಆಸ್ಕ್' ಮಾಡುವಳು. ಪೋಲೀಸಿನವನು ಕಳ್ಳನನ್ನು 'ಇಂಟರಾಗೇಟ್' ಮಾಡುವನು. ಮಂದೆಯಲ್ಲಿ ಮೇಯುವಾಗ 'ಶೀಪ್' ಆಗಿರುವ ಕುರಿಯು ದೊರೆಗಳ ತಟ್ಟೆಗೆ ಬರುವಾಗ 'ಮಟನ್' ಆಗುವುದು. ವಾಲ್ಟರ್ ಸ್ಕಾಟನ 'ಐವನ್‌ಹೋ' ಕಾದಂಬರಿಯ ಮೊದಲನೆಯ ಅಧ್ಯಾಯದಲ್ಲಿ ಆಳುಮಕ್ಕಳಿಬ್ಬರು ಇಂಥ ಶಬ್ದಗಳನ್ನೇ ಕುರಿತು ಮಾತನಾಡುವರು. ಅಚ್ಚಗನ್ನಡ, ತದ್ಭವ, ತತ್ಸಮಗಳನ್ನು ವ್ಯಾಕರಣದಲ್ಲಿ ಓದಿದ ನಮಗೆ ಇದು ಅರ್ಥವಾಗುವುದು ಕಷ್ಟವಲ್ಲ. ಬೆಂಕಿಯೂ ಅಗ್ನಿಯೂ ಒಂದೇ. ಆದರೂ "ಒಲೆಗೆ ಅಗ್ನಿ ಹಚ್ಚು" ಎಂದು ಯಾವ ತಾಯಿಯೂ ಹೇಳುವುದಿಲ್ಲ.

ಇಲ್ಲಿಯೇ ಈ ಪರೀಕ್ಷೆಯ ಮುಖ್ಯವಾದ ತೊಡಕು ಇರುವುದು. ಸತ್ತನು, ತೀರಿಕೊಂಡನು, ಮಡಿದನು, ದೈವಾಧೀನನಾದನು — ನಾಲ್ಕಕ್ಕೂ ಒಂದೇ ಅರ್ಥವೆಂದು ಪರೀಕ್ಷೆಯಲ್ಲಿ ಬರೆದರೆ ಪೂರ್ಣ ಅಂಕಗಳು ಬರುವುವು. ಆದರೆ "ನಮ್ಮ ಎಮ್ಮೆ ದೈವಾಧೀನವಾಯಿತು" ಎಂದರೆ ಕೇರಿಯೆಲ್ಲ ನಗುವುದು. ಇಂಗ್ಲೀಷಿನಲ್ಲಿ ನಾವು ಇಂಥ ಮಾತನ್ನು ಆಡಿದಾಗ ಅದು ನಗೆಗೀಡೆಂದು ನಮಗೇ ತಿಳಿಯದಿರುವುದೇ ದುಃಖದ ಸಂಗತಿ. 'ಫೇಮಸ್' ಎಂಬುದಕ್ಕೆ 'ನೊಟೋರಿಯಸ್' ಎಂದು ಪಟ್ಟಿಯಲ್ಲಿ ಕಲಿತ ಹುಡುಗಿಯೊಬ್ಬಳು, ತಾನು ಇಂಥ ಪ್ರಸಿದ್ಧ ಶಾಲೆಯಲ್ಲಿ ಓದಿದವಳೆಂದು ಕೆಲಸದ ಅರ್ಜಿಯಲ್ಲಿ ಬರೆಯಹೋಗಿ 'ನೊಟೋರಿಯಸ್' ಎಂದು ಬರೆದಳೆನ್ನಿರಿ. ಅದರ ಅರ್ಥ ಕುಪ್ರಸಿದ್ಧವೆಂದು. ಅರ್ಜಿಯನ್ನು ಓದುವವರು ಅವಳ ಜಾಣತನವನ್ನು ಅಳೆಯುವುದು ಆ ಒಂದು ಶಬ್ದದಿಂದಲೇ. ಅವಳ ಲೆಕ್ಕ, ಅವಳ ಶ್ರಮ, ಅವಳ ನಡತೆ ಯಾವುದೂ ಅವರ ಕಣ್ಣಿಗೆ ಬೀಳುವುದಿಲ್ಲ. ಹಾಗೆಯೇ ಮಗುವಿನಂಥ ನಿಷ್ಕಪಟ ಸ್ವಭಾವಕ್ಕೆ 'ಚೈಲ್ಡ್‌ಲೈಕ್', ಪ್ರಾಯಕ್ಕೆ ತಕ್ಕುದಲ್ಲದ ಹುಡುಗಾಟಕ್ಕೆ 'ಚೈಲ್ಡಿಷ್'. ಒಂದು ಹೊಗಳಿಕೆ, ಇನ್ನೊಂದು ಬೈಗುಳ. 'ಟಾಲ್' ಮತ್ತು 'ಹೈ' ಎರಡೂ ಎತ್ತರವೇ ಆದರೂ ಹುಡುಗಿಯು 'ಟಾಲ್', ಹಕ್ಕಿಯು ಹಾರುವುದು 'ಹೈ'. ಗಟ್ಟಿಯಾದ ಚಹಕ್ಕೆ 'ಸ್ಟ್ರಾಂಗ್' ಎನ್ನುವರೇ ಹೊರತು 'ಪವರ್ಫುಲ್' ಎನ್ನರು. ಇದಕ್ಕೆ ಕಾರಣ ಕೇಳಬಾರದು, ರೂಢಿಯೇ ಕಾರಣ.

ವಿರುದ್ಧಾರ್ಥಕಗಳ ವಿಷಯವು ಇನ್ನೂ ಸ್ವಾರಸ್ಯವಾದುದು. ಎದುರೆಂಬುದು ಒಂದೇ ಬಗೆಯಲ್ಲ. 'ಅಲೈವ್', 'ಡೆಡ್' ಇವುಗಳ ನಡುವೆ ಮೂರನೆಯ ಸ್ಥಿತಿಯಿಲ್ಲ; ಒಂದಲ್ಲವೆಂದರೆ ಇನ್ನೊಂದು ಸಿದ್ಧ. 'ಹಾಟ್', 'ಕೋಲ್ಡ್' ಎಂಬುವುಗಳ ನಡುವೆಯಾದರೋ 'ವಾರ್ಮ್', 'ಕೂಲ್' ಎಂಬ ಮೆಟ್ಟಿಲುಗಳಿವೆ. ನೀರು ಬಿಸಿಯಲ್ಲವೆಂದ ಮಾತ್ರಕ್ಕೆ ತಣ್ಣಗಿದೆಯೆಂದು ಅರ್ಥವಲ್ಲ. 'ಬೈ', 'ಸೆಲ್' ಇವು ಒಂದೇ ವ್ಯಾಪಾರವನ್ನು ಎರಡು ಕಡೆಯಿಂದ ನೋಡಿದ ಹೆಸರುಗಳು. ಇನ್ನು ಒಂದೇ ಶಬ್ದಕ್ಕೆ ಎರಡು ಎದುರುಗಳಿರುವುದುಂಟು. 'ಓಲ್ಡ್' ಎಂಬುದು ಮನುಷ್ಯರಲ್ಲಿ 'ಯಂಗ್' ಎಂಬುದಕ್ಕೂ ಬಟ್ಟೆಯಲ್ಲಿ 'ನ್ಯೂ' ಎಂಬುದಕ್ಕೂ ಎದುರು. 'ಲೈಟ್' ಎಂಬುದು ತೂಕದಲ್ಲಿ 'ಹೆವಿ'ಗೆ, ಬಣ್ಣದಲ್ಲಿ 'ಡಾರ್ಕ್'ಗೆ. ವಾಕ್ಯವನ್ನು ಕೊಡದೆ ಒಂಟಿ ಶಬ್ದಕ್ಕೆ ವಿರುದ್ಧಪದ ಕೇಳುವ ಪ್ರಶ್ನೆಗಳು ಅರ್ಧ ಪ್ರಶ್ನೆಗಳೆಂದು ನನ್ನ ಅಭಿಪ್ರಾಯ. ಅಮೆರಿಕಾದ ಎಸ್.ಎ.ಟಿ. ಪರೀಕ್ಷೆಯವರು ಅಂಥ ಪ್ರಶ್ನೆಗಳನ್ನು 1994ರಲ್ಲಿಯೂ, ಜಿ.ಆರ್.ಇ. ಪರೀಕ್ಷೆಯವರು 2011ರಲ್ಲಿಯೂ ಕೈಬಿಟ್ಟರು. ನಮ್ಮ ದೇಶದ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆಗಳಲ್ಲಿ ಇಂದಿಗೂ ಅವು ಬರುತ್ತಲಿರುವುದರಿಂದ ನಮ್ಮ ಹುಡುಗಿಯರು ಅವುಗಳನ್ನು ಬಿಟ್ಟು ನಡೆಯುವಂತಿಲ್ಲ.

ಶಬ್ದದ ಮುಂದೆ 'ಅನ್', 'ಇನ್', 'ಡಿಸ್' ಎಂಬ ಉಪಸರ್ಗಗಳನ್ನು ಹಚ್ಚಿದರೆ ವಿರುದ್ಧಾರ್ಥ ಬರುವುದೆಂಬ ಸೂತ್ರವು ಬಹುಮಟ್ಟಿಗೆ ನಿಜ. ಆದರೆ ಕುರುಡಾಗಿ ನಂಬಿದವರನ್ನು ಅದು ಹಳ್ಳಕ್ಕೆ ಕೆಡಹುವುದು. 'ವ್ಯಾಲ್ಯುಯಬಲ್' ಎಂದರೆ ಬೆಲೆಯುಳ್ಳದ್ದು. 'ಇನ್‌ವ್ಯಾಲ್ಯುಯಬಲ್' ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದಷ್ಟು ಶ್ರೇಷ್ಠವಾದುದು. ನಮ್ಮ 'ಅಮೂಲ್ಯ' ಎಂಬ ಮಾತನ್ನು ನೆನೆದರೆ ಸಂದೇಹ ತೀರುವುದು. ಇದಕ್ಕಿಂತ ಅಪಾಯಕರವಾದುದು 'ಇನ್‌ಫ್ಲೇಮಬಲ್'. 'ಫ್ಲೇಮಬಲ್' ಎಂದರೆ ಉರಿಯತಕ್ಕದ್ದು, ಆದ್ದರಿಂದ 'ಇನ್‌ಫ್ಲೇಮಬಲ್' ಉರಿಯಲಾರದ್ದು ಎಂದು ಊಹಿಸುವವರುಂಟು. ಎರಡಕ್ಕೂ ಅರ್ಥ ಒಂದೇ: ಬೇಗನೆ ಹೊತ್ತಿಕೊಳ್ಳತಕ್ಕದ್ದು. ಪೆಟ್ರೋಲು ಸಾಗಿಸುವ ಲಾರಿಗಳ ಹಿಂದೆ ದಪ್ಪಕ್ಷರಗಳಲ್ಲಿ ಬರೆದಿರುವುದು ಈ ಶಬ್ದವನ್ನೇ. ರಸಾಯನಶಾಲೆಯ ಸೀಸೆಯ ಮೇಲೆ ಇದನ್ನು ಕಂಡ ಹುಡುಗಿಯು ವ್ಯಾಕರಣಸೂತ್ರವನ್ನು ನಂಬಿ ದೀಪದ ಬಳಿ ಇಟ್ಟರೆ ಆಗುವ ಅನಾಹುತಕ್ಕೆ ಅಂಕಗಳ ಲೆಕ್ಕವಿಲ್ಲ.

ಸಮಾನ ಮತ್ತು ವಿರುದ್ಧ ಶಬ್ದಗಳ ಜೋಡಿಗಳು ಪರೀಕ್ಷಿಸಿಕೊಳ್ಳುವುದಕ್ಕೆ ಒಳ್ಳೆಯವು. ಮೊದಲ ಸಲ ಕಲಿಯುವುದಕ್ಕೆ ಅಷ್ಟು ಒಳ್ಳೆಯವಲ್ಲ. ಎರಡೂ ಹೊಸವಾದ ಶಬ್ದಗಳನ್ನು ಒಂದೇ ದಿನ ಜೋಡಿಯಾಗಿ ಕಲಿತರೆ ಯಾವುದು ಯಾವುದೆಂಬ ಗೊಂದಲ ಉಂಟಾಗುವುದು. ಅರ್ಥದಲ್ಲಿ ಹತ್ತಿರವಾದ ಶಬ್ದಗಳನ್ನು ಗುಂಪಾಗಿ ಕಲಿಯುವುದು ನಿಧಾನವೆಂದು 1993ರಲ್ಲಿ ಥಾಮಸ್ ಟಿಂಕಮ್ ಎಂಬ ವಿದ್ವಾಂಸರು ಪ್ರಯೋಗದಿಂದ ತೋರಿಸಿದರು. 'ಬಾರೋ', 'ಲೆಂಡ್' ಇವನ್ನೇ ನೋಡಿರಿ. ಕನ್ನಡದಲ್ಲಿ ಕಡ ಎಂಬ ಒಂದೇ ಮಾತಿಗೆ ಕೊಡು, ತೆಗೆದುಕೊಳ್ಳು ಎಂದು ಸೇರಿಸಿದರೆ ಕೆಲಸ ಮುಗಿಯುವುದು. ಇಂಗ್ಲೀಷಿನಲ್ಲಿ ಬೇರೆ ಬೇರೆ ಎರಡು ಧಾತುಗಳು. ಜೊತೆಯಲ್ಲಿ ಕಲಿತವರು ಹತ್ತು ವರ್ಷಗಳ ತರುವಾಯವೂ ಪುಸ್ತಕ ಕಡ ಕೇಳುವಾಗ ಒಂದು ಕ್ಷಣ ತಡೆಯುವುದನ್ನು ಕಾಣಬಹುದು. ಒಂದನ್ನು ಗಟ್ಟಿಮಾಡಿಕೊಂಡು, ವಾರ ಕಳೆದ ಬಳಿಕ ಇನ್ನೊಂದನ್ನು ಕಲಿತರೆ ಈ ತೊಂದರೆ ಬಹಳ ಕಡಿಮೆಯಾಗುವುದು.

ಇನ್ನು ಪರೀಕ್ಷಿಸಿಕೊಳ್ಳುವ ಕ್ರಮ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳನ್ನು ಅತಿಯಾಗಿ ನಂಬಬಾರದು. ಏನೂ ಬಾರದವಳು ಕಣ್ಣು ಮುಚ್ಚಿ ಗುರುತು ಹಾಕಿದರೂ 20ರಲ್ಲಿ 5 ಸರಿಯಾಗುವ ಸಂಭವವುಂಟು. ಅಲ್ಲದೆ ಕಂಡಾಗ ಗುರುತಿಸುವುದು ಬೇರೆ, ಬೇಕಾದಾಗ ಬಾಯಿಗೆ ಬರುವುದು ಬೇರೆ. ಬೀದಿಯಲ್ಲಿ ಕಂಡವರ ಮುಖ ಪರಿಚಯವಿದ್ದರೂ ಹೆಸರು ಹಿಡಿದು ಕರೆಯಲು ಬಾರದಂತೆ. ಆದುದರಿಂದ ಟಿಪ್ಪಣಿಪುಸ್ತಕದ ಎಡಪುಟದಲ್ಲಿ ಓದಿನಲ್ಲಿ ಸಿಕ್ಕಿದ ಶಬ್ದವನ್ನು ಅದು ಬಂದ ವಾಕ್ಯದೊಡನೆ ಬರೆಯಿರಿ. ಬಲಪುಟವನ್ನು ಖಾಲಿ ಬಿಡಿರಿ. ಮಾರನೆಯ ದಿನ ಆ ವಾಕ್ಯದಲ್ಲಿ ಆ ಶಬ್ದವನ್ನು ತೆಗೆದು, ಅದೇ ಅರ್ಥವುಳ್ಳ ಮತ್ತೊಂದನ್ನು ನೆನಪಿನಿಂದ ಹಾಕಿ, ವಾಕ್ಯವು ಕೆಟ್ಟಿತೋ ಉಳಿಯಿತೋ ಎಂದು ಗಟ್ಟಿಯಾಗಿ ಓದಿ ನೋಡಿರಿ. ಸಂದೇಹ ಬಂದರೆ ನಿಘಂಟಿನಲ್ಲಿರುವ ಉದಾಹರಣೆಯ ವಾಕ್ಯಗಳನ್ನು ನೋಡಿರಿ. ಆಮೇಲೆ ವಿರುದ್ಧಪದವನ್ನು ಹಾಕಿರಿ. ಇದನ್ನೇ ಒಂದು ವಾರದ ಮೇಲೊಮ್ಮೆ, ತಿಂಗಳಾದ ಮೇಲೊಮ್ಮೆ ಮಾಡತಕ್ಕದ್ದು. ಕಲಿತದ್ದು ಮೊದಲ ದಿನಗಳಲ್ಲಿಯೇ ವೇಗವಾಗಿ ಮರೆತುಹೋಗುವುದೆಂದು ಜರ್ಮನ್ ದೇಶದ ಹರ್ಮನ್ ಎಬ್ಬಿಂಗ್‌ಹೌಸನು 1885ರಲ್ಲಿ ತನ್ನ ಮೇಲೆಯೇ ನಡೆಸಿದ ಪ್ರಯೋಗಗಳಿಂದ ತೋರಿಸಿದ್ದಾನೆ. ದಿನಕ್ಕೆ ಐದು ಶಬ್ದಗಳು ಸಾಕು. ಐವತ್ತನ್ನು ಬರೆದುಕೊಳ್ಳುವವಳು ಕೈಬರಹವನ್ನು ತಿದ್ದಿಕೊಳ್ಳುವಳಷ್ಟೆ.

ಓದುಗರು ಈಗಲೇ ಪ್ರಯತ್ನಿಸುವುದಾದರೆ, 'ಬ್ರೇವ್', 'ಆನ್ಸರ್', 'ಹೆಲ್ಪ್' ಎಂಬ ಮೂರಕ್ಕೆ ಸಮಾನಾರ್ಥಕಗಳನ್ನೂ, 'ಏನ್ಶಂಟ್', 'ಜೆನೆರಸ್', 'ಟೀಚ್', 'ಫ್ರೆಶ್' ಎಂಬ ನಾಲ್ಕಕ್ಕೆ ವಿರುದ್ಧಾರ್ಥಕಗಳನ್ನೂ ಮುಂದೆ ಓದದೆ ಬರೆದುಕೊಳ್ಳಲಿ.

ಮೊದಲ ಮೂರಕ್ಕೆ 'ಕರೇಜಸ್', 'ರಿಪ್ಲೈ', 'ಏಡ್' ಅಥವಾ 'ಅಸಿಸ್ಟ್' ಸಲ್ಲುವುವು. ಆದರೆ ಲೆಕ್ಕಕ್ಕೆ ಬಂದ ಉತ್ತರವು 'ಆನ್ಸರ್' ಮಾತ್ರ, 'ರಿಪ್ಲೈ' ಅಲ್ಲ. ಕಾಗದಕ್ಕೆ ಬರೆದ ಉತ್ತರವು ಎರಡೂ ಆಗಬಹುದು. 'ಏನ್ಶಂಟ್' ಎಂಬುದಕ್ಕೆ 'ಮಾಡರ್ನ್'. 'ಜೆನೆರಸ್' ಎಂಬುದಕ್ಕೆ 'ಸ್ಟಿಂಜಿ' ಎಂದವರೂ 'ಮೀನ್' ಎಂದವರೂ ಸರಿಯೇ. 'ಟೀಚ್' ಎಂಬುದಕ್ಕೆ 'ಲರ್ನ್'. ಇದು ಕೊಳ್ಳುವುದು ಮಾರುವುದು ಇದ್ದ ಹಾಗೆ, ಒಂದೇ ಕೆಲಸದ ಎರಡು ಮುಖ. ಉಳಿದ 'ಫ್ರೆಶ್' ಎಂಬುದಕ್ಕೆ ರೊಟ್ಟಿಯಾದರೆ 'ಸ್ಟೇಲ್', ನೀರಾದರೆ 'ಸಾಲ್ಟ್', ಹೂವಾದರೆ 'ಫೇಡೆಡ್'. ಏನನ್ನೂ ಬರೆಯದೆ, "ಯಾವುದರ ವಿಷಯವಾಗಿ ಕೇಳುತ್ತೀರಿ?" ಎಂದು ತಿರುಗಿ ಪ್ರಶ್ನಿಸಿದವಳಿಗೆ ಪೂರ್ಣ ಅಂಕಗಳು.