ಕಾಕಂಬಿಯ ಬೂದಿಯಲ್ಲಿ ಪೊಟ್ಯಾಷ್

ನಮ್ಮ ಗೊಬ್ಬರದಂಗಡಿಗಳಲ್ಲಿ ಸಿಗುವ ಕೆಂಪು ಪೊಟ್ಯಾಷ್, ಅಂದರೆ ಎಂಓಪಿ, ಕೆನಡಾ, ರಷ್ಯಾ, ಬೆಲಾರೂಸ್, ಜೋರ್ಡಾನ್, ಇಸ್ರೇಲ್‌ಗಳಿಂದ ಹಡಗೇರಿ ಬರುವಂಥದ್ದು. ಅಲ್ಲೆಲ್ಲೋ ಯುದ್ಧವಾದರೆ ಇಲ್ಲಿ ಚೀಲದ ಬೆಲೆ ಏರುತ್ತದೆ. 2022ರಲ್ಲಿ ಆದದ್ದೂ ಅದೇ. ಆದರೆ ನಮ್ಮದೇ ಹೊಲದಿಂದ ಹೊರಟ ಪೊಟ್ಯಾಷ್ ಒಂದಿಷ್ಟು ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲೇ ಇದೆ.

ಕಬ್ಬು ಪೊಟ್ಯಾಷನ್ನು ಧಾರಾಳವಾಗಿ ಹೀರುತ್ತದೆ. ಅದು ರಸದ ಜೊತೆ ಕಾರ್ಖಾನೆಗೆ ಬರುತ್ತದೆ, ಆದರೆ ಸಕ್ಕರೆಯ ಹರಳಿಗೆ ಸೇರುವುದಿಲ್ಲ, ಕಾಕಂಬಿಯಲ್ಲಿ ಉಳಿಯುತ್ತದೆ. ಕಾಕಂಬಿ ಹುದುಗಿಸಿ ಮದ್ಯಸಾರ ಇಳಿಸಿದಾಗ ಆವಿಯೊಂದಿಗೂ ಹೋಗದೆ, ತಳದ ಕಪ್ಪು ನೀರಿನಲ್ಲಿ ನಿಲ್ಲುತ್ತದೆ. ಈ ನೀರಿಗೆ ಸ್ಪೆಂಟ್ ವಾಶ್ ಎನ್ನುತ್ತಾರೆ. ಒಂದು ಲೀಟರ್ ಮದ್ಯಸಾರಕ್ಕೆ ಹತ್ತು ಲೀಟರಿನ ಆಸುಪಾಸು ಇದು ಹೊರಬರುತ್ತದೆ. ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ, ಬಾವಿ ನೀರು ಕೆಡುತ್ತದೆ. ಆದ್ದರಿಂದ ಅದನ್ನು ಬತ್ತಿಸಿ ಗಟ್ಟಿ ಮಾಡಿ, ವಿಶೇಷ ಬಾಯ್ಲರಿನಲ್ಲಿ ಸುಡುತ್ತಾರೆ. ಶಾಖದಿಂದ ಹಬೆ ಸಿಗುತ್ತದೆ, ಉಳಿದ ಬೂದಿಯಲ್ಲಿ ಪೊಟ್ಯಾಷ್ ಕೂಡಿಬರುತ್ತದೆ. ಉರಿಯಲು ಜೊತೆಗೆ ಕಲ್ಲಿದ್ದಲು ಹಾಕಿದರೆ ಅದರ ಬೂದಿಯೂ ಬೆರೆತು ಸತ್ವ ಇಳಿಯುತ್ತದೆ.

ಈ ಬೂದಿಯಿಂದಾದ ಗೊಬ್ಬರದ ಹೆಸರು ಪಿಡಿಎಂ, ಅಂದರೆ ಕಾಕಂಬಿಯಿಂದ ಪಡೆದ ಪೊಟ್ಯಾಷ್. ಕೇಂದ್ರ ಸರ್ಕಾರ 2021ರಲ್ಲಿ ಇದನ್ನು ಸಬ್ಸಿಡಿ ಪಟ್ಟಿಗೆ ಸೇರಿಸಿತು. ಇದರಲ್ಲಿ ಕನಿಷ್ಠ 14.5% ಪೊಟ್ಯಾಷ್ ಇರಬೇಕು, ಎಂಓಪಿಯಲ್ಲಿರುವುದು 60%. ಎಕರೆಗೆ 30 ಕೆ.ಜಿ. ಪೊಟ್ಯಾಷ್ ಕೊಡಬೇಕೆಂದರೆ ಎಂಓಪಿ 50 ಕೆ.ಜಿ.ಯ ಒಂದು ಚೀಲ ಸಾಕು, ಪಿಡಿಎಂ ನಾಲ್ಕು ಚೀಲಕ್ಕೂ ತುಸು ಹೆಚ್ಚು ಬೇಕು. ಚೀಲದ ಬೆಲೆ ನೋಡಿ ಮೋಸಹೋಗಬಾರದು. ಒಂದು ಕಿಲೋ ಪೊಟ್ಯಾಷಿಗೆ ಬಿದ್ದ ಖರ್ಚನ್ನು, ಸಾಗಣೆ ಮತ್ತು ಕೂಲಿ ಸೇರಿಸಿ, ಲೆಕ್ಕ ಹಾಕಬೇಕು. ಹಾಗೆ ನೋಡಿದರೆ ಇದು ಕಾರ್ಖಾನೆಯ ಸುತ್ತಮುತ್ತಲಿನ ಊರುಗಳಿಗೆ ಒಗ್ಗುವ ಗೊಬ್ಬರ.

ಇಲ್ಲೊಂದು ತೊಡಕಿದೆ. ಕಾರ್ಖಾನೆಗಳು ಹೆಚ್ಚಿರುವ ಬೆಳಗಾವಿ, ಬಾಗಲಕೋಟೆ ಕಡೆಯ ಎರೆಮಣ್ಣಿನಲ್ಲಿ ಸಾಮಾನ್ಯವಾಗಿ ಪೊಟ್ಯಾಷ್ ಚೆನ್ನಾಗಿಯೇ ಇರುತ್ತದೆ, ಮಣ್ಣೂ ಕ್ಷಾರದ ಕಡೆಗೆ ವಾಲಿರುತ್ತದೆ. ಬೂದಿಯೂ ಕ್ಷಾರವೇ. ಸವಳು ನೆಲಕ್ಕೆ ಇದನ್ನು ಸುರಿಯುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಮಣ್ಣು ಪರೀಕ್ಷೆ ಮಾಡಿಸದೆ ಒಂದು ಚೀಲವನ್ನೂ ತರಬೇಡಿ. ಯೂರಿಯಾ, ಡಿಎಪಿ ಜೊತೆ ಬೆರೆಸಿಡಬೇಡಿ, ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಪುಡಿ ತೇವ ಎಳೆದು ಗಂಟುಕಟ್ಟುವುದರಿಂದ ಹರಳು ರೂಪದ್ದು ಸಿಕ್ಕರೆ ಅದನ್ನೇ ಆರಿಸಿ. ಮಳೆಗೆ ನೆನೆದರೆ ಪೊಟ್ಯಾಷ್ ಕರಗಿ ಹೋಗುತ್ತದೆ.

ಪೊಟ್ಯಾಷಿನ ಕೊರತೆ ಹೆಚ್ಚಾಗಿ ಕಾಣುವುದು ಮಲೆನಾಡು, ಕರಾವಳಿಯ ಹುಳಿಮಣ್ಣಿನಲ್ಲಿ. ಅಲ್ಲಿಗೆ ಲಾರಿಯಲ್ಲಿ ಬೂದಿ ಹೊರಿಸುವುದಕ್ಕಿಂತ ತೋಟದಲ್ಲೇ ಇರುವುದನ್ನು ಬಳಸುವುದು ಜಾಣತನ: ಕಾಫಿ ಸಿಪ್ಪೆಯ ಕಾಂಪೋಸ್ಟ್, ನೆನೆಯದಂತೆ ಎತ್ತಿಟ್ಟ ಒಲೆಬೂದಿ, ಗೊನೆ ಕಡಿದ ಮೇಲೆ ಕೊಚ್ಚಿ ಬುಡಕ್ಕೆ ಹಾಕಿದ ಬಾಳೆಯ ದಿಂಡು.